ಸವಣೂರೆಂದು ಹತ್ತಿದ ಬಸ್ಸು

ಅಬಲೂರಿನವರು ಸುಮ್ಮಸುಮ್ಮನೆ ಊರು ಬಿಟ್ಟು ಕದಲುವವರಲ್ಲ. ಅದಕ್ಕೆ ಕಾರಣವೂ ಇದೆ. ಸರ್ವಜ್ಞ ಹುಟ್ಟಿದ್ದು ನಮ್ಮೂರಲ್ಲಿ. ಅವನು ಊರೂರು ತಿರುಗಲು ಹೊರಟದ್ದೇ ತಡ, ಮಾಸೂರಿನವರು ನಮ್ಮವನು ಅಂದರು. ಆ ತಕರಾರು ಇನ್ನೂ ಹರಿದಿಲ್ಲ. ಆಳಂದದ ಏಕಾಂತದ ರಾಮಯ್ಯ ಪುಲಿಗೆರೆಯ ದಾರಿ ಹಿಡಿದು ನಮ್ಮೂರಿಗೇ ಬಂದ. ಇಲ್ಲಿ ಅವನ ತಲೆಯೊಂದು ಮಾತ್ರ ಮೈಬಿಟ್ಟು ಹೋಗಿ, ಏಳನೆಯ ದಿನಕ್ಕೆ ಮರಳಿ ಬಂದು ಕೂತಿತಂತೆ. ಸೋಮೇಶ್ವರ ಗುಡಿಯಲ್ಲಿ ಅದರ ಶಾಸನವಿದೆ, ಕೆತ್ತನೆಯೂ ಇದೆ. ನಮ್ಮ ಲೆಕ್ಕದಲ್ಲಿ ಪ್ರವಾಸ ಅಂದರೆ ಅಷ್ಟೇ.

ಅಂಥ ಊರಿನ ನಾನು 2023ರ ಕಾರ್ತಿಕದಲ್ಲಿ ಒಬ್ಬನೇ ನೇಪಾಳಕ್ಕೆ ಹೋಗಿಬಂದೆ. ಬೇಕೆಂದು ಹೋದದ್ದಲ್ಲ. ಗೋರಖಪುರದಲ್ಲಿ ಜೊತೆಗೆ ಕೆಲಸ ಮಾಡುವವನ ಮದುವೆಯಿತ್ತು. ಅಕ್ಷತೆ ಹಾಕಿಯಾದ ಮೇಲೆ ರೈಲಿಗೆ ಇನ್ನೂ ಐದು ದಿನ ಇತ್ತು. ನಿಲ್ದಾಣದ ಹೊರಗೆ ಶೇಂಗಾ ತಿನ್ನುತ್ತ ನಿಂತಿದ್ದೆ. ಒಬ್ಬ ಕಂಡಕ್ಟರು ಬಸ್ಸಿನ ತಗಡು ಬಡಿಯುತ್ತ ‘ಸೋನೌಲಿ, ಸೋನೌಲಿ’ ಎಂದು ಕೂಗುತ್ತಿದ್ದ. ನಾಲ್ಕು ದಿನ ಕನ್ನಡ ಕೇಳದ ಕಿವಿಗೆ ಅದು ‘ಸವಣೂರು, ಸವಣೂರು’ ಆಯಿತು. ಇಲ್ಲಿ ಸವಣೂರು ಎಲ್ಲಿಂದ ಬರಬೇಕು ಎಂದು ತಲೆ ಕೇಳುವಷ್ಟರಲ್ಲಿ ಕಾಲು ಬಸ್ಸಿನೊಳಗಿತ್ತು.

ಇಳಿದಾಗ ಎದುರಿಗೊಂದು ಕಮಾನು. ಅದರಾಚೆ ನೇಪಾಳ. ನಮಗೆ ವೀಸಾ ಬೇಡ, ಪಾಸ್‌ಪೋರ್ಟೂ ಬೇಡ. ಕಿಸೆಯಲ್ಲಿ ಮತದಾರರ ಚೀಟಿ ಇತ್ತು. ದಾಟಿದೆ. ಎರಡು ನಿಮಿಷದ ನಡಿಗೆ, ಹಿಡಿದದ್ದು ಹದಿನೇಳು ನಿಮಿಷ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಗಡಿಯಾರವೇನು ಮಹಾ, ಅಂಗಡಿಯ ಕ್ಯಾಲೆಂಡರು ನೋಡಿದರೆ ವಿಕ್ರಮ ಸಂವತ್ 2080! ನನಗೆ ನಲವತ್ತಾರು. ಕಮಾನು ದಾಟಿದ್ದಕ್ಕೆ ಐವತ್ತೇಳು ವರ್ಷ ಕೂಡಿದರೆ ನೂರಾ ಮೂರು. ಮಂಡಿ ನೋವಿನ ಕಾರಣ ಆಗ ತಿಳಿಯಿತು.

ಚಹಾ ಕುಡಿದು ಎಷ್ಟೆಂದರೆ, ಅಂಗಡಿಯ ಅಕ್ಕ ‘ಐಸಿ ಕಿ ಎನ್‌ಸಿ?’ ಅಂದಳು. ಚಹಾಕ್ಕೆ ಐಸು ಯಾಕೆ ಬೇಕು ಎಂದು ನಾನು ಕೈ ಅಲ್ಲಾಡಿಸಿದೆ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅಂದರೆ ಅವರದು. ನಮ್ಮ ನೂರಕ್ಕೆ ಅವರ ನೂರಾ ಅರವತ್ತು. ನನ್ನ ಹತ್ತಿರ ಇದ್ದದ್ದು ಬರೀ ಐದುನೂರರ ನೋಟು. ಆಗ ಅಲ್ಲಿ ನೂರಕ್ಕಿಂತ ದೊಡ್ಡ ಭಾರತದ ನೋಟು ನಡೆಯುತ್ತಿರಲಿಲ್ಲ. ಮತ್ತೆ ಈಚೆ ಬಂದು ಚಿಲ್ಲರೆ ಮಾಡಿಸಿ ಆಚೆ ಹೋದೆ. ಒಂದು ಚಹಾಕ್ಕೆ ಮೂರು ಸಲ ಗಡಿ ದಾಟಿದ ದಾಖಲೆ ಹಿರೇಕೆರೂರು ತಾಲೂಕಿನಲ್ಲಿ ಬೇರೆ ಯಾರದೂ ಇರಲಿಕ್ಕಿಲ್ಲ.

ಇಷ್ಟು ದೂರ ಬಂದಮೇಲೆ ಪಶುಪತಿನಾಥನನ್ನು ನೋಡದೆ ಹೋಗುವುದೇ? ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡಿ ಕಾಠ್ಮಂಡು ಸೇರಿದೆ. ಆ ಗುಡಿಯ ಪೂಜೆಯವರು ಕರ್ನಾಟಕದ ಭಟ್ಟರು. ರಾಜರಿದ್ದ ಕಾಲದಲ್ಲಿ ರಾಜ ತೀರಿಕೊಂಡರೆ ದೇಶಕ್ಕೆಲ್ಲ ಸೂತಕ, ಪೂಜೆ ನಿಲ್ಲಬಾರದೆಂದರೆ ಹೊರಗಿನವರು ಬೇಕು ಎಂಬುದು ಅದಕ್ಕೆ ಕೊಡುವ ಕಾರಣ. ಕನ್ನಡದವರು ಆ ಕಡೆ ಹೋದದ್ದು ಅದೇ ಮೊದಲೇನಲ್ಲ. 1097ರಲ್ಲಿ ಕರ್ನಾಟ ವಂಶದ ನಾನ್ಯದೇವ ಈಗ ನೇಪಾಳದಲ್ಲಿರುವ ಸಿಮ್ರೌನ್‌ಗಢದಲ್ಲಿ ರಾಜ್ಯವನ್ನೇ ಕಟ್ಟಿದ. ಅವನು ನನ್ನ ಹಾಗೆ ತಪ್ಪು ಬಸ್ಸು ಹತ್ತಿ ಹೋದವನಲ್ಲ ಎಂಬುದಷ್ಟೇ ವ್ಯತ್ಯಾಸ.

ಗುಡಿಯೊಳಗೆ ಚರ್ಮದ ವಸ್ತು ಬಿಡುವುದಿಲ್ಲ. ಬೆಲ್ಟು ಬಿಚ್ಚಿಕೊಟ್ಟೆ. ಪ್ಯಾಂಟು ಹೊಲಿಸಿದಾಗ ನನ್ನ ಹೊಟ್ಟೆ ಇನ್ನೂ ದೊಡ್ಡದಿತ್ತು. ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದರಲ್ಲಿ ಪ್ಯಾಂಟಿನ ಸೊಂಟ. ಹಿಂದಿನಿಂದ ನೂಕುನುಗ್ಗಲು. ಗರ್ಭಗುಡಿಯ ಎದುರು ಬಂದಾಗ ಬಾಯಿಂದ ಹೊರಟೇಬಿಟ್ಟಿತು:

“ಯಪ್ಪಾ ಶಿವನ, ಇನ್ನೊಂದು ಕೈ ಕೊಟ್ಟಿದ್ರ ನಿನ್ನ ಗಂಟೇನ್ ಹೋಗ್ತಿತ್ತು?”

ಬೆನ್ನ ಹಿಂದಿನಿಂದ ಉತ್ತರ ಬಂತು. “ಪ್ಯಾಂಟ್ ನಾ ಹಿಡೀತೀನ್ರಿ. ನೀವು ಕೈ ಮುಗೀರಿ.”

ಹಾನಗಲ್ಲಿನವರು! ಹೇಳಿದಂತೆ ಹಿಡಿದರು. ನಾನು ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದೆ, ಆದರೆ ಧ್ಯಾನವೆಲ್ಲ ಅವರ ಹಿಡಿತದ ಮೇಲೇ ಇತ್ತು.

ಹೊರಗೆ ಬಂದು ಬಾಗ್ಮತಿಯ ದಂಡೆಯಲ್ಲಿ ಕೂತೆವು. ಯಾವೂರು, ಯಾರ ಪೈಕಿ, ಎಷ್ಟು ಎಕರೆ, ಗೋವಿನಜೋಳ ಹೆಂಗೈತಿ — ಒಂದನ್ನೂ ಬಿಡಲಿಲ್ಲ. ಅವರ ಬೀಗರು ನಮ್ಮ ಮಗ್ಗುಲ ಊರಿನವರೇ. ಬುತ್ತಿಯಿಂದ ಕಟಕರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಒಬ್ಬನೇ ಪರದೇಶ ತಿರುಗುತ್ತಿದ್ದೇನೆಂಬ ನನ್ನ ಜಂಬವನ್ನು ಎರಡನೆಯ ರೊಟ್ಟಿಗೇ ಬಿಟ್ಟೆ. ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ.

ನೇಪಾಳದಲ್ಲಿ ನನ್ನ ಸಿಮ್ಮು ಸತ್ತೇ ಇತ್ತು. ಮರಳಿ ಕಮಾನು ದಾಟಿದೆನೋ ಇಲ್ಲವೋ, ಜೀವ ಬಂದು ಬಡಕೊಳ್ಳತೊಡಗಿತು. ಅವ್ವ.

“ಗೋರಖಪುರಕ್ಕ ಅಂತ ಹೇಳಿ ಕಾಠ್ಮಂಡುಕ್ಕ ಹೋಗಿದ್ದೀಯಂತಲ್ಲೋ? ಹಾನಗಲ್ಲಿನವರು ಬೀಗರಿಗೆ ಫೋನ್ ಹಚ್ಚಿದ್ರಂತ, ಬೀಗರು ಸಂತ್ಯಾಗ ನಿಂತು ಹೇಳ್ಯಾರ. ಗುಡಿಯಾಗ ಪ್ಯಾಂಟ್ ಬ್ಯಾರೆ ಜಾರಿತ್ತಂತ?”

“ಜಾರಿದ್ದಿಲ್ಲವ್ವ, ಅವರು ಹಿಡದಿದ್ರು.”

“ಊರಾಗ ಜಾರೇತಿ, ತಗೋ.”

ಗಡಿಯಾರ ತಿದ್ದಿಕೊಂಡೆ. ಹೋಗುವಾಗ ಕಳೆದಿದ್ದ ಹದಿನೈದು ನಿಮಿಷ ಮರಳಿ ಕೈಗೆ ಬಂದಿತ್ತು. ಅಷ್ಟನ್ನೂ ಅವ್ವನೇ ಮುಗಿಸಿದಳು.