ಹನ್ನೆರಡು ಫೋಟೋದ ರೀಲು

ಆಗ್ಫಾ ಕ್ಲಿಕ್ ತ್ರೀ ಭಾರತದ ಬಹಳಷ್ಟು ಮನೆಗಳಿಗೆ ಮೊದಲ ಕ್ಯಾಮೆರಾ. ಹೆಸರು ಜರ್ಮನಿಯದಾದರೂ ತಯಾರಾಗುತ್ತಿದ್ದುದು ಬರೋಡಾದಲ್ಲಿ. ಇದಕ್ಕೆ ಬ್ಯಾಟರಿ ಬೇಡ, ಫೋಕಸ್ ಮಾಡುವ ಗೋಜಿಲ್ಲ. ಬಿಸಿಲು, ಮೋಡ ಎಂಬ ಗುರುತು ನೋಡಿ ಕಡ್ಡಿ ಸರಿಸಿದರೆ ಮುಗಿಯಿತು. 120 ಅಳತೆಯ ಒಂದು ರೀಲಿಗೆ 6 ಸೆಂಟಿಮೀಟರ್ ಚೌಕದ 12 ಫೋಟೋ. ಅಂಥದೊಂದು ಕ್ಯಾಮೆರಾ ಹೈದರಾಬಾದಿನ ಮಣಿಕೊಂಡದಲ್ಲಿ, ಕಲಬುರಗಿ ಕಡೆಯವರ ಫ್ಲ್ಯಾಟೊಂದರಲ್ಲಿ, ಸಜ್ಜಾದಿಂದ ಕೆಳಗಿಳಿಯಿತು.

ಮೊಮ್ಮಗ: ಮುತ್ಯಾ, ಇದರ ಸ್ಕ್ರೀನ್ ಎಲ್ಲದ?

ಮುತ್ಯಾ: ಹಿಂದ ಕೆಂಪು ಕಿಂಡಿ ಅದಲ್ಲ, ಅದೇ.

ಮೊಮ್ಮಗ: ಅದರಾಗ ಫೋಟೋ ಕಾಣ್ತದೇನು?

ಮುತ್ಯಾ: ನಂಬರ್ ಕಾಣ್ತದ.

ಆಯಿ: ಫೋಟೋ ಯಾವಾಗ ಕಾಣ್ತಿತ್ತಂತ ನನ್ನ ಕೇಳು. ಯುಗಾದಿಗಿ ತೆಗದದ್ದು ದೀಪಾವಳಿಗಿ ಕಾಣ್ತಿತ್ತು. ರೀಲ್ ಮುಗಸ್ಲಿಕ್ಕೆ ಇವರಿಗಿ ಜೀವಾನೇ ಬರ್ತಿದ್ದಿಲ್ಲ.

ರೀಲು ಹಾಕುವ ಕೆಲಸ ನೆರಳಿನಲ್ಲೇ ಆಗಬೇಕು. ಫಿಲ್ಮಿನ ಬೆನ್ನಿಗೆ ಬೆಳಕು ತಡೆಯುವ ಕಾಗದ ಇರುತ್ತದೆ. ಅದರ ತುದಿಯನ್ನು ಖಾಲಿ ಉರುಳೆಯ ಸೀಳಿಗೆ ಸಿಕ್ಕಿಸಿ, ಮುಚ್ಚಳ ಹಾಕಿ, ಕಿಂಡಿಯಲ್ಲಿ 1 ಕಾಣುವ ತನಕ ತಿರುಗಿಸಬೇಕು. ಪ್ರತಿ ಫೋಟೋ ಆದಮೇಲೂ ಹೀಗೇ. ಮರೆತರೆ ಕ್ಯಾಮೆರಾ ತಡೆಯುವುದಿಲ್ಲ. ಒಂದು ಚಿತ್ರದ ಮೇಲೆ ಇನ್ನೊಂದು ಕೂರುತ್ತದೆ.

ಆಯಿ: ನನ್ನ ತಲಿ ಮ್ಯಾಲ ಚಾರ್ಮಿನಾರ್ ಬೆಳದದ್ದು ಹಾಂಗೇ ಅಲ್ಲ?

ಮುತ್ಯಾ: ಅದು ಕಲಾ.

ಆಯಿ: ಹಾಂಗಾದ್ರ ನಿಮ್ಮ ಅಕ್ಕನ ತಲಿ ಮ್ಯಾಲ ಒಂದರೆ ಮಿನಾರ ಯಾಕ ಬೆಳೀಲಿಲ್ಲ?

ಮುತ್ಯಾ: ಆವತ್ತು ಎಚ್ಚರ ಇದ್ದೆ.

ಸೂರ್ಯ ಫೋಟೋ ತೆಗೆಯುವವರ ಬೆನ್ನಿಗಿರಬೇಕೆಂಬುದು ಆ ಕಾಲದ ಮೊದಲ ಪಾಠ. ಶಟರಿನ ವೇಗ ಕಡಿಮೆ. ಕೈ ಅಲುಗಿದರೆ ಚಿತ್ರವೂ ಅಲುಗಿತು.

ಮೊಮ್ಮಗ: ಅದಕ್ಕೇನು ಹಳೇ ಫೋಟೋದಾಗ ಎಲ್ಲರೂ ಕಣ್ಣು ಮುಚ್ಚಿರ್ತಾರ?

ಮುತ್ಯಾ: ಮತ್ತ? ಬಿಸಿಲು ಮುಖಕ್ಕ ಹೊಡೀತಿತ್ತು. ನಿಮ್ಮ ಆಯಿದು ನಾಚಿಕಿ ಅಂತ ತಿಳದಿದ್ದೇನು?

ಆಯಿ: ಹತ್ತು ಮಂದಿನ ಗ್ವಾಡಿಗಿ ನಿಲ್ಲಿಸಿ "ಉಸುರು ಬಿಡಬ್ಯಾಡ್ರಿ" ಅಂತಿದ್ರು. ತಾವು ಮನಸಿನಾಗ ಲೆಕ್ಕ ಹಾಕ್ತಿದ್ರು: ಉಳದದ್ದು ಮೂರು, ಮದುವಿ ಎರಡು ಅವ. ಕಡೀಕ ಬಟನ್ ಒತ್ತದೇನೇ "ಆತು, ಛಲೋ ಬಂತು" ಅಂದು ಬಿಡ್ತಿದ್ರು.

ಮುತ್ಯಾ: ನೆಂಟರಿಗೂ ಸಮಾಧಾನ, ರೀಲಿಗೂ ಉಳಿತಾಯ.

ಇಷ್ಟು ಜಿಪುಣತನಕ್ಕೆ ಕಾರಣವಿತ್ತು. ರೀಲು ದುಡ್ಡು ಕೊಟ್ಟು ತರುವ ವಸ್ತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’, ಪೂರ್ವ ಜರ್ಮನಿಯ ‘ಓರ್ವೊ’ ಇವು ಆಗ ಕೈಗೆಟಕುತ್ತಿದ್ದ ಹೆಸರುಗಳು. ತೊಳೆಸುವ, ಪ್ರಿಂಟ್ ಹಾಕಿಸುವ ಖರ್ಚು ಬೇರೆ.

ರೀಲು ಮುಗಿದ ಮೇಲೆ ತುದಿಯ ಅಂಟುಪಟ್ಟಿಯನ್ನು ನೆಕ್ಕಿ ಸುತ್ತಿ, ಸ್ಟುಡಿಯೋಗೆ ಒಯ್ಯಬೇಕು. ಅಲ್ಲಿ ಪೂರ್ತಿ ಕತ್ತಲಲ್ಲಿ ಫಿಲ್ಮು ಡೆವಲಪರಿಗೆ, ಆಮೇಲೆ ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋಗೆ, ಆಮೇಲೆ ನೀರಿಗೆ. ಸಿನಿಮಾಗಳಲ್ಲಿ ಕಾಣುವ ಕೆಂಪು ದೀಪ ಉರಿಯುವುದು ಕಾಗದಕ್ಕೆ ಪ್ರಿಂಟ್ ಹಾಕುವಾಗ ಮಾತ್ರ. ಹೈದರಾಬಾದಿಗೆ ಈ ಕಸುಬು ಹಳೆಯದು. ರಾಜಾ ದೀನ್ ದಯಾಳ್ 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. 1892ರಲ್ಲಿ ಪರದೆಯ ಹೆಂಗಸರಿಗೆಂದೇ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ಮಾಡಿದರು. ಅದರ ಉಸ್ತುವಾರಿಯೂ ಹೆಂಗಸಿನದೇ.

ಆಯಿ: ಅದು ಶಾಣ್ಯಾತನ. ಹೆಂಗಸು ತೆಗದಿದ್ರ ನನ್ನ ತಲಿ ಕಡದು ಹೋಗ್ತಿದ್ದಿಲ್ಲ.

ಮುತ್ಯಾ: ಅದು ನನ್ನ ತಪ್ಪಲ್ಲ. ಕಣ್ಣಿಡೋ ಕಿಂಡಿ ಮ್ಯಾಲ, ಲೆನ್ಸ್ ಕೆಳಗ. ಹತ್ತಿರ ನಿಂತ್ರ ನನಗ ಪೂರಾ ತಲಿ ಕಾಣ್ತದ, ಲೆನ್ಸಿಗಿ ಕುತ್ತಿಗಿ ತನಕ ಕಾಣ್ತದ.

ಆಯಿ: ದೂರ ನಿಲ್ಲಬೇಕಿತ್ತಿಲ್ಲ?

ಮುತ್ಯಾ: ಹೊಸದಾಗಿ ಮದುವಿ ಆಗಿತ್ತು.

ಮೊಮ್ಮಗ ನಕ್ಕು ಮೊಬೈಲ್ ತೆಗೆದು ರೀಲಿನ ದರ ಹುಡುಕಿದ. ಸಿಕ್ಕ ದರ ಕೇಳಿ ಮುತ್ಯಾ ಮತ್ತೆ ಹಳೆಯ ಲೆಕ್ಕಕ್ಕೆ ಕೂತರು: ಹನ್ನೆರಡರಲ್ಲಿ ಆಯಿಗೆ ಎಷ್ಟು, ಅಕ್ಕನಿಗೆ ಎಷ್ಟು?

ಕೊಡಾಕ್ ಕಂಪನಿ 1901ರಲ್ಲಿ ತಂದ 120 ರೀಲು ಇವತ್ತಿಗೂ ತಯಾರಾಗುತ್ತಿದೆ, ಆನ್‌ಲೈನಿನಲ್ಲಿ ಸಿಗುತ್ತದೆ. ಮನೆಯ ಕಪಾಟಿನಲ್ಲಿ ಕ್ಲಿಕ್ ತ್ರೀ ಇರುವವರು 100 ವೇಗದ ಕಪ್ಪು ಬಿಳುಪು ಫಿಲ್ಮು ಹಾಕಿ ನೋಡಬಹುದು. ಈಗಿನ ಫಿಲ್ಮುಗಳಿಗೆ ಕೆಂಪು ಬೆಳಕೂ ತಾಗುತ್ತದೆ. ಬಿಸಿಲಿಗೆ ಹೊರಡುವ ಮುನ್ನ ಹಿಂದಿನ ಕಿಂಡಿಗೆ ಒಂದು ತುಂಡು ಕಪ್ಪು ಟೇಪು ಅಂಟಿಸಿಕೊಳ್ಳಿ.