ಗೋಪನಕೊಪ್ಪದ ಹಸಿರು ವೈರಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಹಸಿರು ವೈರ್ ಅವರಿಗೆ,

ನಮ್ಮ ಗೋಪನಕೊಪ್ಪದ ಅಡುಗೆಮನೆಗಳಲ್ಲಿ ತಮಗೆ ದೊರೆತಿರುವ ದೀರ್ಘ ವಿಶ್ರಾಂತಿಗೆ ಅಭಿನಂದನೆಗಳು. ಕೆಂಪು, ಕಪ್ಪು ವೈರುಗಳು ಫ್ರಿಜ್ಜು, ಗೀಸರಿಗೆ ಹಗಲಿರುಳು ದುಡಿಯುತ್ತಿದ್ದರೆ ಅರ್ಥಿಂಗಿನ ಹೊಣೆ ಹೊತ್ತ ತಾವು ಎಷ್ಟೋ ಸ್ವಿಚ್‌ಬೋರ್ಡುಗಳೊಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದೀರಿ. ಪ್ಲಗ್ಗಿನಲ್ಲಿ ತಮ್ಮ ಪ್ರತಿನಿಧಿಯಾದ ದಪ್ಪ ಪಿನ್ನು ಅಡ್ಡ ಬಂದರೆ ಮುರಿದು ಬಿಸಾಕುವಷ್ಟು ನಾವು ಉದಾರಿಗಳು. ಇಂಥ ನೆಮ್ಮದಿಗೆ ಭಂಗ ತರಲು ಈಗ ಹುಬ್ಬಳ್ಳಿ-ಧಾರವಾಡಕ್ಕೆ ಪೈಪ್ ಗ್ಯಾಸ್ ಬಂದಿದೆ. ಆ ಪೈಪನ್ನು ತಮ್ಮ ಜೊತೆ ಬೆಸೆಯಬೇಕೆಂದು ಕೆಲವು ವಿಘ್ನಸಂತೋಷಿಗಳು ಹೇಳುತ್ತಿದ್ದಾರೆ.

ಅವರ ವಾದ ಸರಳ. ಶಾಕ್ ಹೊಡೆಸುವುದು ಎರಡು ಲೋಹಗಳ ನಡುವಿನ ವೋಲ್ಟೇಜ್ ವ್ಯತ್ಯಾಸ. ಒಂದು ಕೈ ಕೆಟ್ಟ ಫ್ರಿಜ್ಜಿನ ಹಿಡಿಯ ಮೇಲೆ, ಇನ್ನೊಂದು ಗ್ಯಾಸ್ ವಾಲ್ವಿನ ಮೇಲಿದ್ದರೆ ಕರೆಂಟಿಗೆ ದಾರಿ ನಮ್ಮ ಎದೆಯೇ. ಎರಡನ್ನೂ ಒಂದೇ ಅರ್ಥಿಂಗ್ ಟರ್ಮಿನಲ್ಲಿಗೆ ಕಟ್ಟಿದರೆ ಆ ವ್ಯತ್ಯಾಸ ತೀರಾ ತಗ್ಗುತ್ತದೆ. 1987ರಲ್ಲೂ 2018ರಲ್ಲೂ ಪರಿಷ್ಕರಣೆಯಾದ ಭಾರತೀಯ ಮಾನಕ ಐಎಸ್ 3043 ಹೇಳುವುದೂ ಇದನ್ನೇ. ಗ್ಯಾಸ್ ಪೈಪನ್ನೇ ಅರ್ಥಿಂಗ್ ಎಂದು ಬಳಸಬೇಡಿ, ಆದರೆ ಮನೆಯ ಅರ್ಥಿಂಗಿಗೆ ಅದನ್ನು ಜೋಡಿಸಿ ಎನ್ನುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆ ಸಾಮಾನ್ಯವಾಗಿ 10 ಚದರ ಮಿಲಿಮೀಟರ್ ತಾಮ್ರದ ವೈರು ಹಾಕುತ್ತಾರೆ, ಸಾಧ್ಯವಾದಷ್ಟೂ ಮೀಟರಿನಿಂದ 600 ಮಿಲಿಮೀಟರ್ ಒಳಗೇ. ನಮ್ಮಲ್ಲಿ ಅಷ್ಟು ತಾಮ್ರವಿದ್ದರೆ ಮೊದಲು ಎರಡನೇ ಏಸಿಗೆ ಲೈನು ಎಳೆಸುತ್ತೇವೆ.

ನೆಲದೊಳಗಿನ ಪೈಪು ಪ್ಲಾಸ್ಟಿಕ್ಕಿನದು, ಮತ್ತೇಕೆ ಈ ಉಸಾಬರಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ದಡ್ಡತನದ್ದಲ್ಲ. ಪ್ಲಾಸ್ಟಿಕ್ ಇರುವುದರಿಂದ ಹೊರಗಿನ ಕರೆಂಟು ಆ ದಾರಿಯಲ್ಲಿ ಒಳಗೆ ಬರುವುದಿಲ್ಲ, ನಿಜ. ಆದರೆ ಒಳಗೆ ಸೇರಿದ್ದು ಹೊರಗೂ ಹೋಗುವುದಿಲ್ಲ. ಕ್ಲಾಂಪಿಗೆಂದು ಡ್ರಿಲ್ ಹೊಡೆದಾಗ ಗೋಡೆಯೊಳಗಿನ ವೈರಿನ ಸಿಪ್ಪೆ ಸುಲಿದು ಮನೆಯೊಳಗಿನ ಕಬ್ಬಿಣದ ಪೈಪಿಗೆ ತಾಗಿತೆನ್ನಿ; ಫ್ಯೂಸ್ ಹಾರದೆ, ಯಾರಿಗೂ ಗೊತ್ತಾಗದೆ ಆ ಕಬ್ಬಿಣ ಕರೆಂಟು ತುಂಬಿಕೊಂಡು ಕೂತಿರುತ್ತದೆ. ಅಪಾರ್ಟ್‌ಮೆಂಟಿನ ಗೋಡೆ ಹತ್ತುವ ಜಿಐ ಪೈಪಿನಲ್ಲಂತೂ ಕೆಳಮನೆಯ ಪಾಪ ಮೇಲ್ಮನೆಯ ವಾಲ್ವಿಗೂ ಪ್ರಸಾದವಾಗಿ ತಲುಪಬಹುದು. ಅಂಥ ಪೈಪಿಗೆ ಲೋಹ ತಾಗಿದಾಗ ಕಿಡಿ ಹಾರುವುದೂ ಉಂಟು, ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಈ ಗ್ಯಾಸಿನ ಮೀಥೇನ್ ಬೆರೆತರೆ ಅದು ಹೊತ್ತಿಕೊಳ್ಳುವುದೂ ಉಂಟು.

ಹಾಗಾದರೆ ನಾಳೆಯೇ ಕಟ್ಟಿಸಿಬಿಡೋಣ ಎನ್ನುವ ಉತ್ಸಾಹಿಗಳಿಗೆ ನಾನೇ ಅಡ್ಡ ನಿಲ್ಲುತ್ತೇನೆ. ತಮ್ಮ ಇನ್ನೊಂದು ತುದಿ ಎಲ್ಲಿದೆ ಸ್ವಾಮಿ? ಹಿತ್ತಲಿನಲ್ಲಿ ಉಪ್ಪು, ಇದ್ದಿಲು ಹಾಕಿ ಮುಚ್ಚಿದ ಗುಂಡಿ ಮನೆಯ ಶಾಂತಿಯಾದ ಮೇಲೆ ನೀರು ಕಂಡಿಲ್ಲ. ಹುಬ್ಬಳ್ಳಿ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಂಬಿಯ ಕೈಬಿಡುತ್ತದೆ. ಅಲ್ಲಿ ರೋಧ 20 ಓಮ್ ಎಂದಿಟ್ಟುಕೊಳ್ಳಿ: 230 ವೋಲ್ಟಿಗೆ ಹರಿಯುವುದು ಬರೀ ಹನ್ನೊಂದೂವರೆ ಆಂಪಿಯರ್, 16 ಆಂಪಿಯರಿನ ಎಂಸಿಬಿ ಕಣ್ಣೂ ಬಿಡುವುದಿಲ್ಲ. ಇಂಥ ಸತ್ತ ಅರ್ಥಿಂಗಿಗೆ ಪೈಪನ್ನು ಕಟ್ಟಿದರೆ ಫ್ರಿಜ್ಜಿನ ಕರೆಂಟನ್ನು ಗ್ಯಾಸಿಗೆ ನಾವೇ ಹಂಚಿದಂತೆ. 30 ಮಿಲಿಆಂಪಿಯರ್ ಸೋರಿದರೇ ಲೈನು ಕಡಿಯುವ ಆರ್‌ಸಿಸಿಬಿ ಹಾಕಿಸಿದರಾಯಿತು ಎನ್ನುತ್ತೀರಾ? ಅವಶ್ಯ ಹಾಕಿಸಿ, 20 ಓಮಿನಲ್ಲೂ ಅದು ಬೀಳುತ್ತದೆ. ಆದರೆ ಅರ್ಥಿಂಗೇ ತಪ್ಪಿಹೋದ ಮನೆಯಲ್ಲಿ ಅದು ಎಚ್ಚರಗೊಳ್ಳಲು ಯಾರಾದರೂ ಮುಟ್ಟಿ ಶಾಕ್ ತಿನ್ನಬೇಕು. ಅರ್ಥಿಂಗ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ.

ಆದ್ದರಿಂದ ಮೊದಲು ಗುಂಡಿ, ಆಮೇಲೆ ಆರ್‌ಸಿಸಿಬಿ, ಕೊನೆಗೆ ಗ್ಯಾಸ್ ಕಂಪನಿಗೆ ತಿಳಿಸಿ ಲೈಸೆನ್ಸ್ ಇರುವ ವೈರ್‌ಮನ್ ಕೈಯಿಂದ ಪೈಪಿನ ಜೋಡಣೆ. ಮಾಡಿಸುವವರಾರು? ಕರೆಂಟಿನವರ ಲಕ್ಷ್ಯ ಮೀಟರಿನವರೆಗೆ, ಗ್ಯಾಸಿನವರದು ಪೈಪಿನ ಮೇಲೆ. ನಡುವೆ ಉಳಿದವರು ಮನೆ ಮಾಲೀಕರು. ಗೃಹಪ್ರವೇಶಕ್ಕೆ ಭಟ್ಟರು ಕೊಟ್ಟ ಸಾಮಾನಿನ ಯಾದಿಯಲ್ಲಿ ಒಂದು ದರ್ಭೆ ಕಡಿಮೆಯಾದರೂ ಕೇಶ್ವಾಪುರದವರೆಗೆ ಗಾಡಿ ಓಡಿಸುವ ಇವರು, ಅರ್ಥ್ ಟೆಸ್ಟರಿನ ರೀಡಿಂಗ್ ಎಷ್ಟು ಬಂತು ಎಂದು ವೈರ್‌ಮನ್ನನ್ನು ಕೇಳುವುದು ಮಾತ್ರ ಮರ್ಯಾದೆಯಲ್ಲವೆಂದು ತಿಳಿದಿದ್ದಾರೆ.

ಇಂತಿ,
ತಮ್ಮ ವಿಶ್ವಾಸಿ