ಗಾಬರಿ ನಮ್ಮ ಮನೆಯದಲ್ಲ

ಹಳೇ ಕಾಲದ ಇಂಗ್ಲಿಷ್ ಜಂಟಲ್‌ಮನ್‌ನನ್ನು ಕೇಳಿದರೆ ಗಾಬರಿ, ಹುಚ್ಚಾಟಗಳೆಲ್ಲ ಹೊರದೇಶದ ಸರಕು. ಅವನ ನಿಘಂಟೂ ಹಾಗೇ ಸಾಕ್ಷಿ ಹೇಳುತ್ತದೆ. ಜನ ದಿಕ್ಕೆಟ್ಟು ಓಡಿದರೆ ಅದು 'ಪ್ಯಾನಿಕ್'. ತಪ್ಪು ಮೇಕೆಗಾಲಿನ ಗ್ರೀಕ್ ದೇವರು ಪ್ಯಾನ್‌ನದು. ಯಾರೋ ಕೈಗೆ ಸಿಕ್ಕಿದ್ದನ್ನೆಲ್ಲ ಪುಡಿಗಟ್ಟಿ 'ಬರ್ಸರ್ಕ್' ಆದರೆ ಹೊಣೆ ಉತ್ತರದ ನಾರ್ಸ್ ವೀರರದು, 'ಅಮಕ್' ಓಡಿದರೆ ಮಲಯದವರದು. ಜ್ವರದಲ್ಲಿ ಬಡಬಡಿಸುವ 'ಡಿಲಿರಿಯಮ್' ಕೂಡ ರೋಮಿನ ರೈತನ ನೇಗಿಲು ಸಾಲು ತಪ್ಪಿದ್ದರಿಂದ ಬಂದದ್ದು. ಲಂಡನ್ನಿನ ಸ್ವಂತ ಸಂತಾನ ಎಂದರೆ 'ಬೆಡ್ಲಮ್', ಹುಚ್ಚರಿಗೆ ಹೆಸರಾದ ಬೆಥ್ಲೆಮ್ ಆಸ್ಪತ್ರೆಯ ಸವೆದ ರೂಪ. ಅದರ ಬೇರು ಹಿಡಿದು ಹೊರಟರೂ ತಲುಪುವುದು ಏಸು ಹುಟ್ಟಿದ ಊರಿಗೆ! 1667ರಲ್ಲಿ ಕವಿ ಮಿಲ್ಟನ್ ಗದ್ದಲದ 'ಪ್ಯಾಂಡಿಮೋನಿಯಂ' ಕಟ್ಟಿದನೇನೋ ಸರಿ, ಆದರೆ ನರಕದಲ್ಲಿ, ಅದೂ ಗ್ರೀಕ್ ಸಾಮಾನಿನಿಂದ.

ಇಂಗ್ಲಿಷ್ ಏನನ್ನು ತಾನೇ ಕಡ ತಂದಿಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ನಿಜ, ಶಾಂತಿಯ 'ಕಾಮ್' ಕೂಡ ಹೊರಗಿನದೇ. 'ಮ್ಯಾಡ್', 'ವೈಲ್ಡ್' ಅಪ್ಪಟ ಮನೆಮಾತು. ಹಾಗಾಗಿ ಹುಟ್ಟಿಗಿಂತ ಬಳಕೆ ನೋಡುವುದು ಮೇಲು. ಜಂಟಲ್‌ಮನ್ ತಾನೇ ಕೈಕಾಲು ಬಿಟ್ಟಾಗ ಅದು ಬರೀ 'ಫ್ಲ್ಯಾಪ್', ಹಕ್ಕಿ ರೆಕ್ಕೆ ಬಡಿದಷ್ಟು, ಹೆಂಡತಿಗಾದರೆ 'ಟಿಜ್ಜಿ'. 1637ರವರೆಗೆ ಹಾಲೆಂಡಿನವರು ಟ್ಯೂಲಿಪ್ ಗೆಡ್ಡೆಗೆ ಮುಗಿಬಿದ್ದದ್ದು ಅವನಿಗೆ 'ಮೇನಿಯಾ', ಅಂದರೆ ಹುಚ್ಚು. 1720ರಲ್ಲಿ ಲಂಡನ್ನೇ ಸೌತ್ ಸೀ ಕಂಪನಿಯ ಷೇರಿಗೆ ಮುಗಿಬಿದ್ದು, ನ್ಯೂಟನ್‌ನಂಥವನೂ ದುಡ್ಡು ಕಳೆದುಕೊಂಡದ್ದು ಮಾತ್ರ 'ಬಬಲ್', ಅಂದರೆ ಸೋಪಿನ ಗುಳ್ಳೆ. 1840ರ ದಶಕದ 'ರೈಲ್ವೆ ಮೇನಿಯಾ', 1963ರ 'ಬೀಟಲ್‌ಮೇನಿಯಾ' ಈ ವಾದಕ್ಕೆ ಅಡ್ಡ ನಿಲ್ಲುತ್ತವೆ, ಒಪ್ಪಬೇಕು. ಜಂಟಲ್‌ಮನ್ ಒಪ್ಪುವುದಿಲ್ಲ. ರೈಲಿನ ಷೇರು ಕೊಂಡವರು ಅಂಗಡಿಯವರು, ಪಾದ್ರಿಗಳು. ಬೀಟಲ್ಸ್ ಕಂಡು ಕಿರುಚಿದವರು ಹುಡುಗಿಯರು. ಇದರಲ್ಲಿ ನಾನೆಲ್ಲಿದ್ದೇನೆ ಎನ್ನುತ್ತಾನೆ.

ಅಷ್ಟೊಂದು ಗಟ್ಟಿಗನಾದರೆ 1939ರಲ್ಲಿ ಅವನ ಸರ್ಕಾರ, ಶಾಂತವಾಗಿದ್ದು ಕೆಲಸ ನೋಡಿಕೊಳ್ಳಿ ಎನ್ನುವ ಭಿತ್ತಿಪತ್ರವನ್ನು 20 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚುಹಾಕಿಸಿದ್ದು ಯಾರಿಗಾಗಿ? ಅವುಗಳಲ್ಲಿ ಹೆಚ್ಚಿನವು ಗೋಡೆಯ ಮುಖವನ್ನೇ ಕಾಣಲಿಲ್ಲ. ಮುಂದೆ ಬಿಬಿಸಿಯ ಹಾಸ್ಯ ಧಾರಾವಾಹಿ 'ಡ್ಯಾಡ್ಸ್ ಆರ್ಮಿ' ಆ ಎರಡನೇ ಮಹಾಯುದ್ಧದ ಕಾಲವನ್ನೇ ತೆರೆಗೆ ತಂದಿತು. ಅದರಲ್ಲಿ ಮುದಿ ಕಾರ್ಪೊರಲ್ ಜೋನ್ಸ್, ವೃತ್ತಿಯಿಂದ ಕಟುಕ, ಎಲ್ಲರಿಗಿಂತ ಮೊದಲು ತಾನೇ ಎಗರಾಡುತ್ತ, ಗಾಬರಿಯಾಗಬೇಡಿ ಎಂದು ಗಂಟಲು ಹರಿಯುವಂತೆ ಕೂಗುತ್ತಾನೆ. 1968ರಿಂದ 1977ರವರೆಗೆ ಇಂಗ್ಲೆಂಡ್ ಮನೆಮನೆಯಲ್ಲಿ ಕೂತು ಅವನನ್ನು ನೋಡಿ ನಕ್ಕಿತು. ಗುರುತು ಹತ್ತದಿದ್ದರೆ ಅಷ್ಟು ವರ್ಷ ನಗುತ್ತಿರಲಿಲ್ಲ.